ಮೂರನೇ ಬೆಳಿಗ್ಗೆಯ ಪ್ರಶ್ನೆ

“ಮುಂದಿನವರು ಬನ್ನಿ” ಎಂದು ಕರೆದು ನರ್ಸ್ ತಲೆಯೆತ್ತಿದಳು. ಬಾಗಿಲಲ್ಲಿ ನಿಂತಿದ್ದವಳು ಅವಳ ಟೈಲರಮ್ಮ.

“ನೀನು... ಇಲ್ಲಿ ಕೆಲಸ ಮಾಡೋದಾ?” ಟೈಲರಮ್ಮನ ಮುಖ ಬಿಳಿಚಿಕೊಂಡಿತು.

ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ನರ್ಸ್ ಅವಳಿಗೆ ಹೇಳಿಕೊಂಡಿದ್ದಳು. ಯಾವ ಆಸ್ಪತ್ರೆ ಎನ್ನಲು ನಾಲಿಗೆ ಹೊರಳಿರಲಿಲ್ಲ. ಇಲ್ಲಿಗೆ ಜನ ಬರುವುದು ಒಂದೇ ಇಂಜೆಕ್ಷನ್ನಿಗೆ. ಹೆಣ್ಣನ್ನು ಬಯಸುವ ಹೆಣ್ಣಿನ, ಗಂಡನ್ನು ಬಯಸುವ ಗಂಡಿನ ಮನಸ್ಸನ್ನು ಅದು ತಿರುಗಿಸಿಬಿಡುತ್ತದೆ. ತಿರುಗಿದ್ದು ಮತ್ತೆ ಹಿಂದಕ್ಕೆ ಬರುವುದಿಲ್ಲ. ಅದಕ್ಕೇ ಮೂರು ಬೆಳಿಗ್ಗೆ ಒಂದೇ ಪ್ರಶ್ನೆ ಕೇಳಬೇಕು: ‘ಇದು ನಿಮ್ಮ ಸ್ವಂತ ಇಷ್ಟವೇ?’ ಕೇಳುವವರು ಒಂದು ಮಾತೂ ಸೇರಿಸುವಂತಿಲ್ಲ. ಮೂರು ಸಲವೂ ‘ಹೌದು’ ಬಂದರೆ ಇಂಜೆಕ್ಷನ್. ಇಲ್ಲವಾದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಎಷ್ಟೋ ಜನರ ‘ಹೌದು’ಗಳನ್ನು ಅವಳು ದುಂಡಗೆ ಬರೆದುಕೊಂಡಿದ್ದಳು. ಹೊರಗೆ ಬೆಂಚಿನ ಮೇಲೆ ಅವರವರ ಅಪ್ಪ, ಅಮ್ಮ, ಅಣ್ಣಂದಿರು ಕೂತಿರುವುದು ಕಂಡರೂ ಕಾಣದವಳಂತಿದ್ದಳು.

ಟೈಲರಮ್ಮ ಮೊದಲ ದಿನ ಹೌದೆಂದಳು. ಎರಡನೆಯ ದಿನವೂ ಹೌದೆಂದಳು. ರಾತ್ರಿ ನರ್ಸ್ ಫೋನ್ ಮಾಡಿದರೆ ಎತ್ತಲಿಲ್ಲ.

ಮೂರನೆಯ ಬೆಳಿಗ್ಗೆ ಅವಳು ಎದುರಿಗೆ ಕೂತಾಗ ತೋಳಿಗೆ ನೀಲಿ ದಾರದ ಎಳೆಯೊಂದು ಅಂಟಿಕೊಂಡಿತ್ತು. ತೆಗೆಯಲು ನರ್ಸಿನ ಬೆರಳು ಚಡಪಡಿಸಿತು. ಯೂನಿಫಾರ್ಮ್ ಹೊಲಿಸಲು ಹೋದ ದಿನ ಇವಳೇ ಅಲ್ಲವೇ ಟೇಪು ಹಿಡಿದು ಕಿವಿಯ ಹತ್ತಿರ ನಕ್ಕಿದ್ದು? “ಉಸಿರು ಬಿಡಿ ಮೇಡಂ, ಅಳತೆ ತಪ್ಪುತ್ತೆ.” ಬಿಡಲು ಉಸಿರೇ ಇರಲಿಲ್ಲ.

“ಕೇಳಿ ಸಿಸ್ಟರ್, ನಿಮ್ಮ ಪ್ರಶ್ನೆ” ಎಂದಳು ಟೈಲರಮ್ಮ.

“ಸಿಸ್ಟರ್ ಅನ್ನಬೇಡ ಕಣೇ.”

“ಮತ್ತೇನನ್ನಲಿ? ಇಂಜೆಕ್ಷನ್ ಆದಮೇಲೆ ನೀನು ನನಗೆ ಅಷ್ಟೇ ತಾನೆ?”

“ಯಾಕೆ ಬಂದೆ?”

“ನೀನೇ ಅಂದ್ಯಲ್ಲ, ನಾವೂ ಎಲ್ಲರ ಹಾಗೆ ಇದ್ದಿದ್ರೆ ಎಷ್ಟು ನೆಮ್ಮದಿಯಾಗಿರ್ತಿದ್ವಿ ಅಂತ.”

“ಅಯ್ಯೋ, ಸುಸ್ತಾಗಿ ಅಂದಿದ್ದು ಕಣೇ!”

“ನನಗೆ ನಿಜವಾಗಿ ಕೇಳಿಸ್ತು.” ಅವಳು ಕೆಳತುಟಿ ಕಚ್ಚಿಕೊಂಡಳು. “ಅಮ್ಮ ಬೇರೆ ಅನ್ನ ನೀರು ಬಿಟ್ಟು ಕೂತಿದ್ರು. ನಿಮ್ಮಿಬ್ಬರಿಗೂ ನೆಮ್ಮದಿಯಾದ್ರೆ ಸಾಕು ಅನ್ನಿಸ್ತು. ಈಗ ನೀನು ಬೇಡ ಅನ್ನು, ಎದ್ದು ಬರ್ತೀನಿ.”

ಆ ಎರಡಕ್ಷರ ನರ್ಸಿನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

“ಹೊರಗಿಂದ ಅವರು ತಳ್ತಿದ್ದಾರೆ. ಒಳಗಿಂದ ನಾನೂ ಎಳೆದ್ರೆ ನಿನ್ನ ಇಷ್ಟ ಅನ್ನೋದು ಎಲ್ಲಿ ಉಳಿಯಿತು? ನಿನ್ನನ್ನ ಕಳ್ಕೊಂಡ್ರೆ ನಾನು ಸತ್ತ ಹಾಗೆ. ಆದ್ರೂ ಕೇಳ್ತೀನಿ. ಇದು ನಿನ್ನ ಸ್ವಂತ ಇಷ್ಟವೇ?”



“ಗೊತ್ತಿಲ್ಲ” ಎಂದು ಟೈಲರಮ್ಮ ಬಿಕ್ಕಿದಳು. “ಅಮ್ಮನನ್ನ ಬಿಡಕ್ಕಾಗಲ್ಲ. ಆದ್ರೆ ನಿನ್ನನ್ನ ನೋಡಿದ್ರೂ ಏನೂ ಅನ್ನಿಸದೆ ಇರೋ ಆ ಇನ್ನೊಬ್ಬಳು ಯಾರೇ? ಅವಳ ಪರಿಚಯವೇ ನನಗಿಲ್ಲ. ಅವಳ ಪರವಾಗಿ ನಾನು ಹೇಗೆ ಹೌದು ಅನ್ನಲಿ?”

ಫಾರಂನಲ್ಲಿ ಇದ್ದದ್ದು ಎರಡೇ ಚೌಕ, ಹೌದು ಮತ್ತು ಇಲ್ಲ. ನರ್ಸ್ ಎರಡರ ಮಧ್ಯೆ ‘ಗೊತ್ತಿಲ್ಲ’ ಎಂದು ಬರೆದು ಸಹಿ ಹಾಕಿದಳು.

ಇಬ್ಬರೂ ಹೊರಗೆ ಬಂದಾಗ ಬೆಂಚಿನಲ್ಲಿದ್ದ ಟೈಲರಮ್ಮನ ತಾಯಿ ದಡಬಡಿಸಿ ಎದ್ದರು.

“ಆಯ್ತಾ? ಸರಿಹೋದ್ಯಾ ನನ್ನ ಕಂದ?”

“ಇಲ್ಲಮ್ಮ. ನನ್ನ ಕೈಲಿ ಆಗಲಿಲ್ಲ.”

ತಾಯಿ ಕುಸಿದು ಕೂತರು. ಎದೆಗೆ ಕೈಯಿಟ್ಟುಕೊಂಡು ಗೋಳಾಡಿದರು. “ಯಾವಳೇ ಅವಳು, ನಿನ್ನ ತಲೆ ಕೆಡಿಸಿದವಳು? ಒಂದೇ ಒಂದು ಸಲ ನನ್ನೆದುರು ಬರಲಿ!”

ಟೈಲರಮ್ಮ ಬೇಡ, ಬೇಡ ಎಂದು ಕಣ್ಣಲ್ಲೇ ಅಂಗಲಾಚಿದಳು. ಸುಮ್ಮನೆ ಒಳಗೆ ಹೋಗಿಬಿಟ್ಟರೆ ನರ್ಸಿನ ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಅವಳು ತಾಯಿಯ ಮುಂದೆ ಮಂಡಿಯೂರಿದಳು.

“ಬಂದಿದ್ದೀನಿ ಅಮ್ಮ. ನಾನೇ ಅವಳು.”

ತಾಯಿಯ ಕೈ ಹೊಡೆಯಲು ಮೇಲೆದ್ದಿತು. ಅಲ್ಲೇ, ಗಾಳಿಯಲ್ಲೇ ನಿಂತಿತು. ಹೊಡೆಯಲೂ ಇಲ್ಲ, ಇಳಿಯಲೂ ಇಲ್ಲ. ಬೆಂಚಿನ ತುಂಬ ಜನ ನೋಡುತ್ತಿದ್ದಂತೆ ಟೈಲರಮ್ಮ ನರ್ಸಿನ ಪಕ್ಕದಲ್ಲಿ ಕೂತು, ಅವಳ ತಣ್ಣಗಾದ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಳು.