ಎರಡನೇ ಸಲ ಕೇಳಿದ ಶೀಟು

ಅನುಮಾನ ನನ್ನ ಹುಟ್ಟುಗುಣ. ಬದನೆಕಾಯಿಯನ್ನೂ ಮೂರು ಸಲ ತಿರುಗಿಸಿ ನೋಡದೆ ಕೊಂಡವಳಲ್ಲ. ಕಾಲೇಜು ಮುಗಿಯಲು ಎಂಟೇ ದಿನ ಇರುವಾಗ ಕ್ಲಾಸಿನ ಮುರಿಗೆಪ್ಪ ಬಂದು ಹಳೆಯ ಡ್ರಾಯಿಂಗ್ ಶೀಟು ಕೇಳಿದರೆ ಸುಮ್ಮನೆ ಕೊಡುತ್ತೇನೆಯೇ?

“ಸೆಕೆಂಡ್ ಇಯರ್ ಮನೀ ಪ್ಲಾನ್ ಐತಲ್ರೀ, ಅದನ್ನ ಎರಡು ದಿನ ಕೊಡ್ರಿ.”

“ಫೈನಲ್ ಇಯರ್‌ನಲ್ಲಿ ಅದ್ಯಾಕೆ?”

“ಕೆಲಸ ಐತ್ರೀ,” ಎಂದು ನನ್ನ ಚಪ್ಪಲಿ ನೋಡಿದ.

ಆ ಶೀಟಿಗೊಂದು ಇತಿಹಾಸವಿದೆ. ಕಿಟಕಿ ಗಾಜಿಗೆ ಬೇರೆಯವರ ಡ್ರಾಯಿಂಗ್ ಒತ್ತಿ, ಮೇಲೆ ತಮ್ಮ ಹಾಳೆ ಇಟ್ಟು, ಬಿಸಿಲಿಗೆ ಮೂಡುವ ಗೆರೆಗಳನ್ನು ತಿದ್ದುವುದು ನಮ್ಮ ಸಿವಿಲ್ ಕ್ಲಾಸಿನ ಕಳ್ಳದಾರಿ. ಗದಗಿನಿಂದ ಬಂದ ಈ ಮಹಾಶಯ ಅಂದು ನನ್ನ ಶೀಟನ್ನು ಅದೆಷ್ಟು ಶ್ರದ್ಧೆಯಿಂದ ತಿದ್ದಿದನೆಂದರೆ, ಮೂಲೆಯಲ್ಲಿ ‘ಡ್ರಾನ್ ಬೈ’, ಅಂದರೆ ಬರೆದವರು, ಎಂಬಲ್ಲಿದ್ದ ನನ್ನ ಹೆಸರನ್ನೂ ಬಿಡಲಿಲ್ಲ. ಮೇಷ್ಟ್ರು ಎರಡೂ ಶೀಟು ಎತ್ತಿ ಹಿಡಿದು, “ನಿಮ್ಮಿಬ್ರಲ್ಲಿ ಮುನಿಕೆಂಪಮ್ಮ ಯಾರಪ್ಪಾ?” ಎಂದರು. ಇಡೀ ಕ್ಲಾಸು ನಕ್ಕಿತು. ಅಜ್ಜಿಯ ಹೆಸರಿಟ್ಟ ಅಪ್ಪನ ಮೇಲೂ ನನಗೆ ಸಿಟ್ಟು ಬಂತು.

ತಪ್ಪಾಯಿತೆಂದು ಅವನು ಶೇಂಗಾ ಹೋಳಿಗೆ ತಂದುಕೊಟ್ಟ. ಅನುಮಾನದಿಂದಲೇ ತಿಂದೆ. ಚೆನ್ನಾಗಿತ್ತು.

ಆಮೇಲೆ ಕ್ಯಾಂಟೀನಿನಲ್ಲಿ ಅದೆಷ್ಟು ಬೈಟೂ ಕಾಫಿ ಕುಡಿದೆವೋ. ತುಂಬಿದ ಬಿ.ಟಿ.ಎಸ್. ಬಸ್ಸಿನಲ್ಲಿ ಯಾರ ಕಣ್ಣಿಗೂ ಚುಚ್ಚದಂತೆ ಗೆರೆ ಎಳೆಯುವ ನನ್ನ ಉದ್ದನೆಯ ಟಿ-ಸ್ಕ್ವೇರ್ ಪಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದವನು ಅವನೇ. ಅವನೆಂದರೆ ನನಗಿಷ್ಟ. ಆದರೆ ಅವನಿಗೆ ಬೇಕಿದ್ದದ್ದು ನಾನೋ ನನ್ನ ಶೀಟುಗಳೋ, ಅದು ಗೊತ್ತಿರಲಿಲ್ಲ. ಸೋಮವಾರ ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಹೊರಟುಬಿಡುತ್ತಾನೆ. ನನ್ನ ಆಟೋಗ್ರಾಫ್ ಪುಸ್ತಕದಲ್ಲಿ ಅವನು ಬರೆದದ್ದು ಎರಡೇ ಪದ: ‘ಶುಭವಾಗಲಿ, ಮುರಿಗೆಪ್ಪ.’

ಮನಸ್ಸಿಲ್ಲದಿದ್ದರೂ ಶೀಟು ಕೊಟ್ಟೆ. ಎರಡು ದಿನ ಹೋಗಿ ಐದಾಯಿತು. ಶೀಟು ಬರಲಿಲ್ಲ. ಗೆಳತಿ ನಸೀಮಾ ಬಂದು ಉರಿಯುವ ಬೆಂಕಿಗೆ ತುಪ್ಪ ಸುರಿದಳು.

“ಡ್ರಾಯಿಂಗ್ ಹಾಲ್‌ನಲ್ಲೇ ಬಿದ್ದಿದ್ದಾನೆ ಕಣೇ. ನಾನು ಹೋದ್ರೆ ಬೋರ್ಡ್ ಮೇಲೆ ಟವೆಲ್ ಮುಚ್ಚಿದ.”

ಇನ್ನೇನು? ಯಾವಳೋ ಜೂನಿಯರ್‌ಗೆ ನನ್ನ ಶೀಟು ನೋಡಿ ಬರೆದುಕೊಡುತ್ತಿದ್ದಾನೆ. ಅವಳಿಗೂ ಶೇಂಗಾ ಹೋಳಿಗೆ ಸಂದಾಯವಾಗಿರುತ್ತದೆ. ಮಧ್ಯಾಹ್ನ ಊಟ ಬಿಟ್ಟು ಹಾಲ್‌ಗೆ ನುಗ್ಗಿದೆ.

“ಯಾರಿಗ್ರೀ ಇದು?” ಎಂದು ಟವೆಲ್ ಎಳೆದೆ.

ನನ್ನದೇ ಮನೆ. ಆದರೆ ವೆರಾಂಡದ ಪಕ್ಕ ನಾನು ಬರೆಯದ ಕೋಣೆಯೊಂದಿತ್ತು. ಅದಕ್ಕೊಂದು ದೊಡ್ಡ ಕಿಟಕಿ, ಕಿಟಕಿಯ ಬಳಿ ಎರಡು ಡ್ರಾಯಿಂಗ್ ಬೋರ್ಡು.

“ಎರಡು ಯಾಕೆ?”

“ಒಂದು ನಿಮ್ದು.” ಅವನ ಕಿವಿ ಕೆಂಪಾಗಿತ್ತು.

ಅರ್ಥವಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ. “ಆಟೋಗ್ರಾಫ್‌ನಲ್ಲೇ ಬರೀಬೋದಿತ್ತು.”

“ಅದನ್ನ ನಿಮ್ಮ ಮನ್ಯಾಗ ಎಲ್ಲಾರೂ ಓದ್ತಾರಲ್ರೀ.”

ಮೂಲೆ ನೋಡಿದೆ. ಡ್ರಾನ್ ಬೈ: ಮುರಿಗೆಪ್ಪ. ಈ ಸಲ ಹೆಸರು ಸರಿಯಾಗಿತ್ತು. ಪರಿಶೀಲಿಸಿದವರು ಸಹಿ ಹಾಕುವ ‘ಚೆಕ್ಡ್ ಬೈ’ ಜಾಗ ಖಾಲಿ ಇತ್ತು.

“ನಿಮ್ಮಷ್ಟು ಅನುಮಾನದ ಮಂದೀನ ನಾ ಎಲ್ಲೂ ನೋಡಿಲ್ಲ. ನೀವು ಒಪ್ಪಿದ್ರ ಆ ಮನಿ ಗಟ್ಟಿ ಅಂತ ತಿಳೀತೀನಿ.”

ಸ್ಕೇಲು ತೆಗೆದುಕೊಂಡೆ. ಗೋಡೆ ಅಳೆದೆ, ಕಿಟಕಿ ಅಳೆದೆ. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

“ಈ ಬಾಗಿಲು ತೆಗೆದ್ರೆ ನನ್ನ ಬೋರ್ಡಿಗೆ ಬಡಿಯುತ್ತೆ.”

‘ನನ್ನ ಬೋರ್ಡು’ ಎಂದುಬಿಟ್ಟೆನೆಂದು ಅವನು ನಕ್ಕ ಮೇಲೆ ನನಗೆ ಹೊಳೆಯಿತು.

“ಸರಿ ಮಾಡಿ, ಭಾನುವಾರ ಮತ್ತಿಕೆರೆಗೆ, ನಮ್ಮನೆಗೆ ತಗೊಂಡ್ಬನ್ನಿ. ಅಪ್ಪನೂ ನೋಡ್ಲಿ.”

“ಅವರು ಒಪ್ತಾರೇನ್ರೀ?”

“ಅವರು ನನಗಿಂತ ಅನುಮಾನದವರು. ಬನ್ನಿ, ನಾನಿರ್ತೀನಿ.”

ಪೆನ್ಸಿಲ್ ಕಿತ್ತುಕೊಂಡು ಖಾಲಿ ಜಾಗದಲ್ಲಿ ಅಜ್ಜಿಯ ಹೆಸರನ್ನು ಪೂರ್ತಿ ಬರೆದೆ: ಮುನಿಕೆಂಪಮ್ಮ.

“ಬಾಗಿಲು ಸರಿ ಮಾಡೂ ಮೊದಲ ಸಹಿ ಹಾಕಿದ್ರಲ್ರೀ,” ಎಂದ ಮುರಿಗೆಪ್ಪ.

ಹೌದು. ಜೀವನದಲ್ಲಿ ಅದೇ ಮೊದಲ ಸಲ.