ಐದನೇ ಪುಟದಲ್ಲೊಂದು ದೋಣಿ

ಪತ್ರಿಕೆಯ ಡೆಸ್ಕಿನಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ವರದಿ ಎಷ್ಟೇ ಉದ್ದವಿರಲಿ, ಕಚಕ್ಕನೆ ಕತ್ತರಿಸಿ, ನಾಲ್ಕು ಪದದ ತಲೆಬರಹ ಕೊಟ್ಟು ಮುಂದಿನದಕ್ಕೆ ಕೈ ಹಾಕುವವಳು. ಆ ಮಧ್ಯಾಹ್ನ ಮೇಜಿನ ಮುಂದೆ ಒಬ್ಬ ಬಂದು ನಿಂತಾಗ ಅವಳು ತಲೆ ಎತ್ತಲೇ ಇಲ್ಲ.

“ಪ್ರಿಂಟರ್ ಆ ಮೂಲೇಲಿದೆ. ಬೆಳಿಗ್ಗೆಯಿಂದ ಪೇಪರ್ ನುಂಗ್ತಾ ಕೂತಿದೆ.”

ಅವನು ಏನೋ ಹೇಳಹೊರಟು, ಪ್ರಿಂಟರ್ ಕಡೆ ನೋಡಿ, ಮೂಲೆಗೆ ನಡೆದ. ಹತ್ತು ನಿಮಿಷದ ಮೇಲೆ ಪ್ರಿಂಟರ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಳೆಗಳನ್ನು ಒಂದೊಂದಾಗಿ ಉಗುಳತೊಡಗಿತು. ಅವನು ಬೆರಳಿಗೆಲ್ಲ ಮಸಿ ಮೆತ್ತಿಕೊಂಡು ವಾಪಸು ಬಂದ.

“ಪ್ರಿಂಟರ್ ಸರಿಹೋಯ್ತು. ಈಗ ಐದನೇ ಪುಟ ಸರಿಮಾಡೋಣ್ವಾ?”

ಅವಳು ಆಗ ನೋಡಿದಳು. ಕುರುಚಲು ಗಡ್ಡ, ಈಗಷ್ಟೇ ಕನಸಿನಿಂದ ಎದ್ದು ಬಂದಂಥ ಕಣ್ಣು, ಕೈಯಲ್ಲಿ ಹಿಂದಿನ ದಿನದ ಪತ್ರಿಕೆ. ಐದನೇ ಪುಟದಲ್ಲಿ ಅವಳದೇ ತಲೆಬರಹ: ‘ಗೇಮ್ ಗೀಳಿಗೆ ಮನೆಬಿಟ್ಟ ಮುದುಕ’.

“ನೀವು ಪ್ರಿಂಟರ್ ರಿಪೇರಿಯವರಲ್ವಾ?”

“ಅಲ್ಲ. ಆ ಗೇಮ್ ಮಾಡಿದವರಲ್ಲಿ ಒಬ್ಬ.”

ಅವಳ ಕಿವಿ ಬೆಚ್ಚಗಾಯಿತು.

ಸುದ್ದಿ ಇಷ್ಟೇ. ನಿವೃತ್ತ ಬಸ್ ಡ್ರೈವರ್ ಒಬ್ಬರು ಬೆಳಿಗ್ಗೆ ಮನೆಯಲ್ಲಿ ಹೇಳದೆ ಕೇಳದೆ ಹೊರಟು, ಸಂಜೆ ದೂರದ ಕೆರೆಯೊಂದರ ದಂಡೆಯಲ್ಲಿ ಸಿಕ್ಕಿದ್ದರು. ಅವರ ಮೊಬೈಲಿನಲ್ಲಿ ದೋಣಿ ನಡೆಸುವ ಆಟವೊಂದಿತ್ತು. ಅಷ್ಟೇ ಸಾಕಾಯಿತು. ಆಟವೇ ‘ಆಜ್ಞೆ’ ಕೊಟ್ಟಿತಂತೆ ಎಂದು ವರದಿಗಾರ ಬರೆದ. ಟೀವಿಯವರು ಅರ್ಧ ಗಂಟೆ ಚರ್ಚೆ ಇಟ್ಟರು. ಆಟವನ್ನು ನಿಷೇಧಿಸಿ ಎಂದು ಪೋಷಕರ ಸಂಘ ಅರ್ಜಿ ಬರೆಯಿತು.

“ಟೀವಿಲಿ ಬಂದೂಕು ತೋರಿಸಿದ್ರಲ್ಲ?” ಎಂದಳು ಅವಳು, ಧ್ವನಿ ಗಟ್ಟಿ ಮಾಡಿಕೊಂಡು.

“ಅದು ಯಾರದೋ ಬೇರೆ ಆಟ. ನಮ್ಮದರಲ್ಲಿರೋ ಅತಿ ಭಯಂಕರ ಪ್ರಾಣಿ ಅಂದ್ರೆ ಒಂದು ಕೊಕ್ಕರೆ. ಅದಕ್ಕೂ ಸ್ವಲ್ಪ ನಾಚಿಕೆ ಸ್ವಭಾವ.”

ಅವಳು ನಗು ಬರದಂತೆ ಪೆನ್ನಿನ ಕ್ಯಾಪು ಕಚ್ಚಿದಳು. ಅವನಿಗೆ ಅದು ಕಂಡಿತು. ಕಂಡಿದ್ದು ಅವಳಿಗೂ ಗೊತ್ತಾಯಿತು.

“ನೀವು ಆಡಿ ನೋಡಿದ್ದೀರಾ?”

“ಕಳ್ಳತನದ ಸುದ್ದಿ ಬರೆಯೋಕೆ ಕಳ್ಳತನ ಮಾಡ್ಬೇಕಾ?”

“ಬೇಡ. ಆದ್ರೆ ಸಿನಿಮಾ ಬಗ್ಗೆ ಬರೆಯೋರು ಸಿನಿಮಾ ನೋಡ್ತಾರೆ.” ಅವನು ಜಗಳವಾಡುವವನಂತೆ ಹೇಳಲಿಲ್ಲ. ವಿಳಾಸದ ಚೀಟಿಯೊಂದನ್ನು ಮೇಜಿನ ಮೇಲಿಟ್ಟ. “ಒಂದು ಗಂಟೆ ಬನ್ನಿ. ಆಮೇಲೂ ಅದೇ ತಲೆಬರಹ ಸರಿ ಅನ್ನಿಸಿದ್ರೆ, ನಾನೇ ಅದನ್ನ ಗೋಡೆಗೆ ಅಂಟಿಸ್ಕೋತೀನಿ.”

ಹೋಗಬಾರದೆಂದುಕೊಂಡೇ ಅವಳು ಮರುದಿನ ಹೋದಳು.

ಕನ್ನಡಕದ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ಆಟ ಮಾಡುವ ಏಳು ಜನ. ಒಬ್ಬಳು ಬಕೆಟ್ಟಿನಲ್ಲಿ ಕೈ ಆಡಿಸಿ ನೀರಿನ ಸದ್ದು ರೆಕಾರ್ಡ್ ಮಾಡುತ್ತಿದ್ದಳು. ಇವನ ಕೆಲಸ ಆಟದ ಆಕಾಶಕ್ಕೆ ಬಣ್ಣ ಹಚ್ಚುವುದು. ಅಲ್ಲಿ ಅವನ ಹೆಸರು ಮೋಡಪ್ಪ.

“ದಿನವಿಡೀ ಮೋಡ ಬರೀತೀರಾ?”

“ಒಂದು ಸಂಜೆಗೆ ಮೂರು ವಾರ ಬೇಕಾಯ್ತು.”

“ನಮಗೆ ಒಂದು ತಲೆಬರಹಕ್ಕೆ ಮೂರು ನಿಮಿಷ.”

“ಅದು ಓದಿದ್ರೇನೇ ಗೊತ್ತಾಗುತ್ತೆ ಬಿಡಿ.”

ಅವಳು ಸಿಟ್ಟಿನ ಮುಖ ಮಾಡಿದಳು, ಅದು ನಿಲ್ಲಲಿಲ್ಲ. ಆಟ ಶುರುಮಾಡಿ ದೋಣಿಯನ್ನು ಮೂರು ಸಲ ಬಂಡೆಗೆ ಗುದ್ದಿಸಿದಳು. ಅವನ ಕೈ ಅವಳ ಕೈಯ ಮೇಲೆ ಒಂದು ಅಂಗುಲದಷ್ಟು ದೂರದಲ್ಲಿ ತೇಲಿ, ಹೀಗೆ, ನಿಧಾನ, ಎಂದು ಗಾಳಿಯಲ್ಲೇ ತೋರಿಸಿತು. ಮುಟ್ಟಲಿಲ್ಲ. ಆ ಒಂದು ಅಂಗುಲವೇ ಬಿಸಿಯಾಗಿತ್ತು.

ಆಮೇಲೆ ದೋಣಿ ಸಾಗಿತು. ನೀರು ಬೂದಿಯಿಂದ ನೇರಳೆಗೆ, ನೇರಳೆಯಿಂದ ಜೇನಿನ ಬಣ್ಣಕ್ಕೆ ತಿರುಗಿತು. ಎಲ್ಲಿಂದಲೋ ಮತ್ತೊಂದು ದೋಣಿ ಬಂದು, ಪಕ್ಕದಲ್ಲೇ ತೇಲುತ್ತ, ತನ್ನ ದೀಪ ಬೆಳಗಿಸಿತು.

“ಯಾರಿದು?”

“ಗೊತ್ತಿಲ್ಲ. ಎಲ್ಲೋ ಕೂತು ಆಡ್ತಿರೋ ಯಾರೋ ಒಬ್ರು. ನೀವು ಹೊಸಬ್ರು ಅಂತ ಗೊತ್ತಾಗಿ ದಾರಿ ತೋರಿಸ್ತಿದಾರೆ. ಮಾತಾಡೋಕೆ ಆಗಲ್ಲ ಇಲ್ಲಿ. ದೀಪ ಹಚ್ಚಬಹುದು, ಅಷ್ಟೇ.”

ಜನ ಈ ನೀರಿನ ಮೇಲೆ ಏನೆಲ್ಲ ಮಾಡುತ್ತಾರೆಂದು ಅವನು ಹೇಳುತ್ತಾ ಹೋದ. ಗಂಡ ಹಡಗಿನ ಕೆಲಸದಲ್ಲಿ, ಹೆಂಡತಿ ಆಸ್ಪತ್ರೆಯ ಕೆಲಸದಲ್ಲಿ ಇರುವ ದಂಪತಿ ದಿನಕ್ಕೊಮ್ಮೆ ಇಲ್ಲಿ ಎದುರಾಗುತ್ತಾರೆ. ಜೊತೆಗೆ ಆಡುತ್ತಿದ್ದ ಗೆಳತಿಯೊಬ್ಬಳು ತೀರಿಹೋದಾಗ ಅವಳಿಗಾಗಿ ಒಮ್ಮೆ ಇನ್ನೂರು ದೋಣಿಗಳು ಒಟ್ಟಿಗೆ ದೀಪ ಆರಿಸಿದ್ದವು. ಆಟದ ರಾಗ ಈಗ ಮದುವೆಮನೆಗಳಲ್ಲೂ ಕೇಳುತ್ತದೆ. ಕೆಳಗಿನ ಅಂಗಡಿಯವನು ಅದನ್ನೇ ಗುನುಗುತ್ತ ಗಾಜು ಒರೆಸುವುದು ಕಿಟಕಿಯಿಂದ ಕೇಳಿಸುತ್ತಿತ್ತು.

ಗಡಿಯಾರ ನೋಡಿದಾಗ ಎರಡೂವರೆ ಗಂಟೆ ಕಳೆದಿತ್ತು. “ಗೀಳು,” ಎಂದ ಅವನು ಗಂಭೀರವಾಗಿ. ಅವಳು ಕೈಲಿದ್ದ ಪೆನ್ನನ್ನು ಅವನತ್ತ ಎಸೆದಳು.

“ಆ ತಾತನ್ನ ನೋಡ್ಬೇಕು,” ಎಂದಳು ಆಮೇಲೆ, ಸಣ್ಣ ಧ್ವನಿಯಲ್ಲಿ.

ಇಬ್ಬರೂ ತಾತನ ಮನೆಗೆ ಹೋದಾಗ ಸೊಸೆ ಬಾಗಿಲು ತೆರೆದಳು. ಪತ್ರಿಕೆ ಎಂದ ಕೂಡಲೇ ಅವಳ ಕಣ್ಣು ತುಂಬಿತು. “ಮೊಬೈಲ್ ನೋಡ್ತಿದ್ರಾ ಅಂತ ಕೇಳಿದ್ರು, ಹೌದು ಅಂದೆ. ನಾನು ಹೇಳಿದ್ದು ಅಷ್ಟೇ ಕಣ್ರೀ. ಈಗ ಬೀದೀಲೆಲ್ಲ ನಗ್ತಾರೆ. ಮಾವ ಅವಮಾನಕ್ಕೆ ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕ್ಬಿಟ್ರು.”

ತಾತ ಕಿಟಕಿ ಪಕ್ಕ ನೆಟ್ಟಗೆ ಕೂತಿದ್ದರು, ಇನ್ನೂ ಸ್ಟಿಯರಿಂಗ್ ಮುಂದೆಯೇ ಇದ್ದ ಹಾಗೆ.

“ಮೂವತ್ತನಾಲ್ಕು ವರ್ಷ ಆ ಕೆರೆ ಪಕ್ಕದಲ್ಲೇ ಬಸ್ ಓಡ್ಸಿದೆ. ನಮ್ಮವಳು ಒಂದು ಸಲ ಇಳಿಸಿ, ನೋಡ್ತೀನಿ ಅಂತಿದ್ಲು. ಅಲ್ಲಿ ಸ್ಟಾಪ್ ಇಲ್ಲ ಕಣೇ ಅಂತಿದ್ದೆ. ಹೋದ ವರ್ಷ ಹೋಗ್ಬಿಟ್ಲು.” ಅವರು ಬೀಗ ಹಾಕಿದ ಬೀರುವಿನತ್ತ ಕೈ ತೋರಿಸಿದರು. “ಆ ದೋಣಿ ಆಟ ಆಡ್ತಾ ಆಡ್ತಾ ಹೊಳೀತು. ಈಗ ನಾನು ಡ್ರೈವರ್ ಅಲ್ಲ, ಪ್ಯಾಸೆಂಜರ್. ಎಲ್ಲಿ ಬೇಕಾದ್ರೂ ಇಳೀಬಹುದಲ್ಲ ಅಂತ. ಹೋಗಿ ಇಳಿದೆ. ಅವಳ ಪರವಾಗಿ ಕೂತು ನೋಡಿದೆ. ಫೋನಿನ ಚಾರ್ಜ್ ಮುಗಿದಿದ್ದು ಗೊತ್ತಾಗ್ಲಿಲ್ಲ. ಇಷ್ಟೇ ನನ್ನ ಅಪರಾಧ.”

ಅವಳು ಅವರ ಎದುರು ನೆಲದ ಮೇಲೆ ಕೂತಳು. “ಆ ತಲೆಬರಹ ಕೊಟ್ಟಿದ್ದು ನಾನೇ ತಾತ.”

ತಾತ ಅವಳತ್ತ ತಿರುಗಿದರು. “ಗೀಳು ಅಂದಿದ್ದಕ್ಕೆ ಬೇಜಾರಿಲ್ಲಮ್ಮ. ಮುದುಕ ಅಂದ್ಬಿಟ್ಟೆಯಲ್ಲ!”

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಅವಳಿಗೆ ಕಿಟಕಿ ಸೀಟು ಬಿಟ್ಟುಕೊಟ್ಟ. ಅವಳು ಅಳುತ್ತಿದ್ದಾಳೆಂದು ಗೊತ್ತಾಗಿ, ಗೊತ್ತಾಗದವನಂತೆ ಎದುರು ಸೀಟಿನ ಹಿಂಭಾಗದಲ್ಲಿ ಯಾರೋ ಗೀಚಿದ್ದನ್ನು ಓದುತ್ತ ಕೂತ. ತಿರುವೊಂದರಲ್ಲಿ ಬಸ್ಸು ವಾಲಿ ಅವಳ ಭುಜ ಅವನಿಗೆ ತಾಗಿತು. ರಸ್ತೆ ನೇರವಾದ ಮೇಲೂ ಭುಜ ಅಲ್ಲೇ ಇತ್ತು.

ಅವಳು ಬರೆದು ತಂದ ಹೊಸ ಲೇಖನ ಓದಿ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಹಾಕಿದ್ರೆ ನಾವು ತಪ್ಪು ಮಾಡಿದ್ವಿ ಅಂತ ಒಪ್ಕೊಂಡ ಹಾಗಾಗುತ್ತೆ.”

“ಹೌದು ಸಾರ್. ಅದಕ್ಕೇ ಹಾಕಬೇಕು.”

“ಟೀವಿಯವರು ಯಾರೂ ಹಾಕ್ತಿಲ್ಲ.”

“ಅವರಿಗೆ ತಾತನ ಮನೆ ಗೊತ್ತಿಲ್ಲ. ನನಗೆ ಗೊತ್ತು. ಇನ್ನೊಂದು ಸಲ ಹೋಗೋಕೆ ಮುಖ ಬೇಕಲ್ಲ ಸಾರ್.”

ಸಂಪಾದಕರು ಕಿಟಕಿಯಾಚೆ ನೋಡಿದರು, ಮತ್ತೆ ಲೇಖನ ನೋಡಿದರು. ಕೊನೆಗೆ ಅದೇ ಐದನೇ ಪುಟದಲ್ಲಿ, ಅವಳ ಸಹಿಯೊಂದಿಗೆ, ಅರ್ಧ ಪುಟ. ಈ ಸಲ ಅವಳು ಒಂದು ಪದವನ್ನೂ ಕತ್ತರಿಸಲಿಲ್ಲ. ನಾನು ಆಡದ ಆಟದ ಬಗ್ಗೆ, ನಾನು ಮಾತಾಡಿಸದ ಮನುಷ್ಯನ ಬಗ್ಗೆ ನಾಲ್ಕು ಪದ ಬರೆದೆ, ನಾಲ್ಕೂ ತಪ್ಪು ಎಂದು ಶುರುಮಾಡಿದಳು.

ಪತ್ರಗಳು ಬಂದವು. ಶಾಲೆಯ ಮೇಷ್ಟ್ರು ಬರೆದರು, ನರ್ಸುಗಳು ಬರೆದರು, ಹಡಗಿನಿಂದ ಒಬ್ಬ ಬರೆದ. ಪೋಷಕರ ಸಂಘದವರು ಆಟವನ್ನು ಆಡಿ ನೋಡಿ, ಅರ್ಜಿ ವಾಪಸು ತೆಗೆದುಕೊಂಡರು. ಬೀದಿಯ ಅರ್ಧ ಜನ ತಾತನ ಮನೆಗೆ ಬಂದು, ನಮಗೂ ದೋಣಿ ಕಲಿಸಿ ಎಂದರಂತೆ. ಅವಳನ್ನು ಮಾತ್ರ ಸುದ್ದಿ ಡೆಸ್ಕಿನಿಂದ ಎತ್ತಿ ಪದಬಂಧದ ಪುಟಕ್ಕೆ ಹಾಕಿದರು. ತಪ್ಪು ಒಪ್ಪಿಕೊಂಡವರಿಗೆ ಸ್ವಲ್ಪ ವಿಶ್ರಾಂತಿ ಬೇಕು ಎಂದರು.

ಒಂದು ವಾರ ಮೋಡಪ್ಪನ ಫೋನಿಲ್ಲ. ಅವಳೂ ಮಾಡಲಿಲ್ಲ. ಕೆಲಸ ಮುಗಿಯಿತು, ಇನ್ನು ಅವನಿಗೆ ತನ್ನಿಂದೇನು ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಫೋನು ತೆಗೆದು ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಅವಳು ಸಾರ್ವಜನಿಕ ಗ್ರಂಥಾಲಯದ ಉದ್ದನೆಯ ಮೇಜಿನಲ್ಲಿ ನಿಘಂಟು ಹರಡಿಕೊಂಡು ಪದ ಹುಡುಕುತ್ತಿದ್ದಳು. ಎದುರಿನ ಕುರ್ಚಿ ಕಿರ್ರೆಂದಿತು.

“ನಿಮ್ಮ ಆಫೀಸಿಗೆ ಹೋಗಿದ್ದೆ. ಇಲ್ಲಿದೀರಿ ಅಂದ್ರು.” ಅವನು ಏದುಸಿರು ಬಿಡುತ್ತಿದ್ದ.

“ಯಾಕೆ, ಪದಬಂಧದಲ್ಲೂ ತಪ್ಪಿತ್ತಾ?”

“ನನ್ನಿಂದ ನಿಮ್ಮ ಡೆಸ್ಕ್ ಹೋಯ್ತು. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ ಅಂತ…”

“ಒಂದು ವಾರದಿಂದ ನಾನು ಕೆಟ್ಟ ಪದಬಂಧ ಮಾಡ್ತಿದೀನಿ. ಅಡ್ಡ ಬರೋದೆಲ್ಲ ಒಂದೇ ಪದ.”

“ಯಾವ ಪದ?”

“ಹೇಳಲ್ಲ.”

“ಶ್!” ಎಂದರು ಕೌಂಟರಿನ ಹಿಂದಿದ್ದ ಗ್ರಂಥಪಾಲಕಿ.

ಇಬ್ಬರೂ ತಲೆ ತಗ್ಗಿಸಿದರು. ಬಿಸಿಲು ಮೇಜಿನ ಮೇಲೆ ಮೆಲ್ಲಗೆ ಜರುಗುತ್ತಿತ್ತು, ಪುಟಗಳ ಧೂಳು ಅದರಲ್ಲಿ ಚಿನ್ನದ ಹುಡಿಯಂತೆ ತೇಲುತ್ತಿತ್ತು. ಅವನು ನಿಘಂಟಿನ ಅಂಚಿನ ಮೇಲಿದ್ದ ಅವಳ ಬೆರಳನ್ನೇ ನೋಡುತ್ತಿದ್ದ. ಆಮೇಲೆ ತನ್ನ ಬೆರಳನ್ನು ಪಕ್ಕದಲ್ಲಿಟ್ಟ. ಈ ಸಲ ನಡುವೆ ಅಂತರವಿರಲಿಲ್ಲ.

“ಒಂದು ಮಾತು ಕೇಳ್ಲಾ?” ಪಿಸುಗುಟ್ಟಿದ. “ಇನ್ಮೇಲೆ ನೀವು ಅನ್ನೋದನ್ನ ಬಿಟ್ಬಿಡ್ಲಾ?”

ಅವಳು ತಲೆ ಎತ್ತಿದಳು. “ಬಿಟ್ಟು?”

“ನೀನು.”

ಎಷ್ಟೋ ಜನ ಎಷ್ಟೋ ಸಲ ಕರೆದಿದ್ದ ಪದ. ಅಮ್ಮ ಗದರಿದ್ದು, ಅಕ್ಕ ರೇಗಿಸಿದ್ದು, ಗೆಳತಿಯರು ಕೂಗಿದ್ದು ಎಲ್ಲ ಅದೇ. ಆದರೆ ಅದನ್ನು ಇವತ್ತೇ ಮೊದಲ ಸಲ ಕೇಳಿದಂತಾಗಿ ಅವಳ ಕೆನ್ನೆ ಕೆಂಪಾಯಿತು.

“ಇನ್ನೊಂದು ಸಲ ಹೇಳು,” ಎಂದಳು. ತಾನೂ ‘ನೀವು’ ದಾಟಿಬಿಟ್ಟೆ ಎಂದು ಆಮೇಲೆ ಗೊತ್ತಾಯಿತು.

“ನೀನು ನನಗೆ ಬೇಕು ಕಣೇ!”

ಪಿಸುಮಾತಾಗಿ ಹೊರಟದ್ದು ಎತ್ತರದ ಚಾವಣಿಗೆ ತಾಗಿ ಇಡೀ ಕೋಣೆಗೆ ಕೇಳಿಸಿತು. ಪತ್ರಿಕೆಗಳ ಹಿಂದಿನಿಂದ ಏಳೆಂಟು ತಲೆಗಳು ಮೇಲೆದ್ದವು. ಇಬ್ಬರೂ ಕೌಂಟರಿನತ್ತ ನೋಡುತ್ತ ಕಾದರು.

ಗ್ರಂಥಪಾಲಕಿ ಕನ್ನಡಕದ ಮೇಲಿಂದ ಅವರನ್ನು ನೋಡಿದರು, ಅವಳನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. “ಉತ್ತರ ಕೊಡಮ್ಮ,” ಎಂದರು, “ಎಲ್ಲರೂ ಓದೋದು ನಿಲ್ಸಿ ಕಾಯ್ತಿದಾರೆ.”