ಪೈಲ್ವಾನನ ಬಾಗಿಲು

"ಉಸಿರು ಬಿಗಿಹಿಡ್ಕೋ! ಹೊಟ್ಟೆ ಉಬ್ಬಿಸು! ಇನ್ನೂ ಉಬ್ಬಿಸು!"

ಬುಗುರಿ ತನ್ನ ತಮ್ಮನ ಅಂಗಿಯೊಳಗೆ ಎರಡು ದಿಂಬು ತುರುಕಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ್ದಳು. ಅಷ್ಟಾದರೂ ಎರಡೂ ಪಕ್ಕ ಬೇಕಾದಷ್ಟು ಜಾಗ ಉಳಿದಿತ್ತು.

"ನೋಡ್ದ್ಯಾ? ಇಷ್ಟು ಅಗಲದ ಬಾಗಿಲು ಪೈಲ್ವಾನ್‌ಗಲ್ದೆ ಇನ್ಯಾರಿಗೆ ಬೇಕು!"

"ಅಕ್ಕಾ, ಸೆಕೆ ಕಣೇ," ಅಂದ ತಮ್ಮ.

ಅವಳಿಗೆ ಒಳ್ಳೆಯ ಹೆಸರೊಂದಿತ್ತು. ಆದರೆ ಊಟಕ್ಕೆ ಕೂತರೂ ಒಂದು ಕಾಲು ಕುಣಿಸುವ ಹುಡುಗಿಯನ್ನು ಬುಗುರಿ ಅನ್ನದೆ ಇನ್ನೇನನ್ನುತ್ತಾರೆ? ಇವತ್ತಂತೂ ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ತಪ್ಪು ಅವಳದೇ. ಕ್ಲಾಸಿನಲ್ಲಿ 'ನಮ್ಮ ಮನೆಯ ಹಿಂದಿನ ಕತೆ' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಬುಗುರಿಯವರು ಈ ಹಳೇ ಮನೆಗೆ ಬಾಡಿಗೆಗೆ ಬಂದದ್ದೇ ಈ ವರ್ಷ. ಮೊದಲು ಯಾರಿದ್ದರೋ ಏನೋ! ಆದರೆ ಪಕ್ಕದ ಬೆಂಚಿನ ಸೋಡಾಬುಡ್ಡಿ, "ನಿಮ್ಮನೇಲಿ ಯಾರಿದ್ರೇ?" ಎಂದು ಕೇಳಿದಾಗ ಬಾಯಿ ಸುಮ್ಮನಿರಬೇಕಲ್ಲ! "ಪೈಲ್ವಾನ್ ಇದ್ದ," ಅಂದುಬಿಟ್ಟಳು. ಇಡೀ ಕ್ಲಾಸು "ಹೌದಾ!" ಎಂದು ಬಾಯಿ ಬಿಟ್ಟಿತು. ಟೀಚರ್ ನಕ್ಕು, "ಹಾಗಾದ್ರೆ ಸಾಕ್ಷಿ ಹುಡುಕ್ಕೊಂಡು ಬಾ," ಅಂದರು.

ಹೇಳಬೇಕಾದ್ದು ನಾಳೆಯೇ. ಸಾಕ್ಷಿ ಇಲ್ಲದಿದ್ದರೆ ವರ್ಷವಿಡೀ 'ಬುರುಡೆ ಬುಗುರಿ' ಎಂದು ಕರೆಸಿಕೊಳ್ಳಬೇಕು.

ಪಕ್ಕದ ಮನೆಯವರನ್ನು ಕೇಳಿಯಾಗಿತ್ತು. "ನಾವು ಬಂದಾಗ ಬೀಗ ಹಾಕಿತ್ತಮ್ಮ." ಅಂಗಡಿಯವನನ್ನು ಕೇಳಿಯಾಗಿತ್ತು. "ನಾನೇ ಹೊಸಬ." ಮನೆ ಓನರ್‌ಗೆ ಫೋನ್ ಮಾಡಿದರೆ, "ಬಾಡಿಗೆ ವಿಷಯಾನಾ?" ಎಂದು ಕೇಳಿ, ಅಲ್ಲ ಅಂದ ಕೂಡಲೇ ಇಟ್ಟುಬಿಟ್ಟರು. ಉಳಿದದ್ದು ಬಾಗಿಲೊಂದೇ. ಚಾರ್ಟಿನ ಮೇಲೆ ಗಿರಿಜಾಮೀಸೆಯ ಪೈಲ್ವಾನನ ಚಿತ್ರವಂತೂ ತಯಾರಾಗಿತ್ತು.

ಒಂದು ವಿಷಯ ಮಾತ್ರ ಅವಳನ್ನು ಚುಚ್ಚುತ್ತಿತ್ತು. ಈ ಮನೆಯ ಸ್ವಿಚ್ಚುಗಳೆಲ್ಲ ಅವಳ ಸೊಂಟದಷ್ಟೇ ಎತ್ತರದಲ್ಲಿದ್ದವು. ಅಷ್ಟು ದೊಡ್ಡ ಪೈಲ್ವಾನನಿಗೆ ಇಷ್ಟು ಕೆಳಗೆ ಸ್ವಿಚ್ ಯಾಕೆ? ಅದನ್ನು ಅವಳು ಚಾರ್ಟಿನಲ್ಲಿ ಬರೆದಿರಲಿಲ್ಲ.

ಆ ಸಂಜೆಯೇ ಎಲೆಕ್ಟ್ರಿಷಿಯನ್ ಬಂದರು. ಅಮ್ಮ ಕರೆಸಿದ್ದಳು.

"ಎಲ್ಲಾ ಸ್ವಿಚ್ ಮೇಲಕ್ಕೆ ಹಾಕಿಕೊಡಿ. ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಯ್ತು."

ಅವರು ಗೋಡೆ ನೋಡಿ ನಕ್ಕರು. "ಅಯ್ಯೋ, ಇವನ್ನ ಹಾಕಿದ್ದೇ ನಾನು! ಆಗ ನನಗಿನ್ನೂ ಮೀಸೆ ಬಂದಿರ್ಲಿಲ್ಲ."

ಬುಗುರಿ ಒಂದೇ ನೆಗೆತಕ್ಕೆ ಅವರ ಮುಂದೆ ನಿಂತಳು. "ಅಂಕಲ್, ಇಲ್ಲಿ ಪೈಲ್ವಾನ್ ಇದ್ರಲ್ವಾ? ಹೂಂ ಅನ್ನಿ, ಪ್ಲೀಸ್!"

"ಪೈಲ್ವಾನಾ? ರೇಡಿಯೊ ಅಕ್ಕ ಕೇಳಿಸ್ಕೊಂಡಿದ್ರೆ ಬಿದ್ದು ಬಿದ್ದು ನಗ್ತಿದ್ರು."

"ಯಾರದು ರೇಡಿಯೊ ಅಕ್ಕ?" ಅಂದಳು ಬುಗುರಿ.

"ರೇಡಿಯೊ ರಿಪೇರಿ ಮಾಡೋರು. ಆಗ ಮನೆ ಅವರದ್ದೇ. ಅವರಿಗೆ ನಡೆಯೋಕೆ ಆಗ್ತಿರ್ಲಿಲ್ಲ, ಗಾಲಿಕುರ್ಚೀಲಿ ಓಡಾಡೋರು. ಅದಕ್ಕೇ ಬಾಗಿಲು ಅಗಲ. ಒಂದು ಹೊಸ್ತಿಲಾದ್ರೂ ಇದೆಯಾ ನೋಡು."

ಬುಗುರಿ ನೋಡಿದಳು. ಇರಲಿಲ್ಲ. ಇಷ್ಟು ದಿನ ಓಡಾಡಿದರೂ ಅದು ಕಣ್ಣಿಗೇ ಬಿದ್ದಿರಲಿಲ್ಲ.

"ಸ್ವಿಚ್ ಎಲ್ಲಿ ಹಾಕ್ಲಿ ಅಂದೆ. ಅಕ್ಕ ಚಾಪೆ ಮೇಲೆ ಇಳಿದು, ನನ್ನನ್ನ ಅವರ ಗಾಲಿಕುರ್ಚೀಲಿ ಕೂರಿಸಿದ್ರು. 'ಕಣ್ಣು ಮುಚ್ಚಿ ಕೈ ಚಾಚು. ಎಲ್ಲಿ ತಾಗುತ್ತೋ ಅಲ್ಲಿ ಹಾಕು' ಅಂದ್ರು."

"ಪಾಪ," ಅಂದಳು ಬುಗುರಿ. ಅವಳಿಗೆ ನಿಜಕ್ಕೂ ಸಂಕಟವಾಯಿತು. "ಇಡೀ ದಿನ ಕೂತೇ ಇರ್ಬೇಕಿತ್ತಾ?"

"ಕೂತಿರೋದಾ? ಚೆನ್ನಾಗಿ ಹೇಳ್ದೆ! ಹಾಲಿಂದ ಅಡುಗೆಮನೆಗೆ ಸುಂಯ್ ಅಂತ ಹೋಗೋರು. ಅಡ್ಡ ನಿಂತ್ರೆ ಕಾಲ್ಬೆರಳು ಚಟ್ನಿ! ನನ್ನದು ಎರಡು ಸಲ ಆಗಿದೆ. ಆ ಅಕ್ಕ ಒಂದು ಕಡೆ ನಿಂತೋರೇ ಅಲ್ಲ."

ಅಡುಗೆಮನೆಯ ಸ್ವಿಚ್ ಮೇಲೇರಿತು. ರೂಮಿನದೂ ಏರಿತು. ಡ್ರಿಲ್ಲು ಹಾಲಿಗೆ ಬಂದಾಗ ಬುಗುರಿ, "ಒಂದ್ನಿಮಿಷ ಅಂಕಲ್!" ಎಂದು ಕೂಗಿ, ಗೋಡೆಯ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡಳು. ಕೂತಳು. ಕಾಲು ಕುಣಿಯಲಿಲ್ಲ. ಕಣ್ಣು ಮುಚ್ಚಿ ಕೈ ಚಾಚಿದಳು.

ಟಪ್ ಎಂದು ದೀಪ ಹತ್ತಿತು.

"ಅಮ್ಮಾ, ಇದೊಂದು ಹೀಗೇ ಇರ್ಲಿ."

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಸರಿ. ಇದೊಂದಕ್ಕೆ ಬಗ್ತೀನಿ ಬಿಡು."

ಎಲೆಕ್ಟ್ರಿಷಿಯನ್ ಹೋದ ಮೇಲೆ ಬುಗುರಿ ಚಾರ್ಟಿನ ಮುಂದೆ ಕೂತಳು. ಪೈಲ್ವಾನ್ ಮೀಸೆ ತಿರುವುತ್ತ ಅವಳನ್ನೇ ನೋಡುತ್ತಿದ್ದ. ನಾಳೆ ಎಲ್ಲರೂ ನಗುತ್ತಾರೆ, ಸೋಡಾಬುಡ್ಡಿ ಎಲ್ಲರಿಗಿಂತ ಮೊದಲು. ಆದರೂ ಚಾರ್ಟನ್ನು ಮಗುಚಿ ಹಾಕಿದಳು. ಖಾಲಿ ಬದಿಯಲ್ಲಿ ಎರಡು ದೊಡ್ಡ ಚಕ್ರ ಬರೆದಳು, ನಡುವೆ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಅಕ್ಕ.

ತಮ್ಮ ಬಗ್ಗಿ ನೋಡಿದ. "ಯಾರೋ ಕೂತಿರೋದನ್ನ ಬರೀತಿದ್ದೀಯಾ?"

"ಅಲ್ಲ ಕಣೋ," ಅಂದಳು ಬುಗುರಿ. ಅಕ್ಕನ ಜಡೆಯನ್ನು ಹಿಂದಕ್ಕೆ ಉದ್ದಕ್ಕೆ ಹಾರಿಸಿ ಬರೆಯುತ್ತಿದ್ದಳು. "ಓಡ್ತಿರೋದನ್ನ."